ಬಲಿತ ಕೊಂಬಿನ ಗಂಡು ಕೃಷ್ಣಮೃಗ, ಕೊಂಡುಕುರಿ ಫೋಟೋಗೆ ಯಾವ ಕಾಡು ಆರಿಸಬೇಕು? ರಂಗಯ್ಯನದುರ್ಗ, ಜೋಗಿಮಟ್ಟಿ, ಇಲ್ಲ ರಾಣೆಬೆನ್ನೂರು?

ಕುಂದವಾಡ_ಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ನಸುಕಿನಲ್ಲಿ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ದೂರದಲ್ಲಿ ಜಾಗ ಹುಡುಕುತ್ತಿದ್ದೇನೆ. ಬೇಕಾಗಿರುವುದು ಹಿಂಡಿನ ಫೋಟೋ ಅಲ್ಲ, ಕೊಂಬು ಪೂರ್ತಿ ಬಲಿತ, ತನ್ನ ಜಾಗ ಹಿಡಿದು ನಿಂತ ಒಂದೇ ಗಂಡು. ಕೃಷ್ಣಮೃಗ ಆದರೂ ಸರಿ, ನಾಲ್ಕು ಕೊಂಬಿನ ಕೊಂಡುಕುರಿ ಆದರೂ ಸರಿ. ಒಂದು ವಾರಾಂತ್ಯಕ್ಕೆ ಮುಗಿಸುವ ಆತುರ ಇಲ್ಲ, ಇಡೀ ವರ್ಷ ಭಾನುವಾರಗಳನ್ನು ಇದಕ್ಕೇ ಇಡಲು ತಯಾರಿದ್ದೇನೆ.

ನಕ್ಷೆಯಲ್ಲಿ ಗುರುತು ಹಾಕಿಕೊಂಡಿರುವುದು ಮೂರು: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ, ಪಕ್ಕದ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಧಾಮ. ಚಳ್ಳಕೆರೆ ಕಡೆಯ ಕಾವಲುಗಳ (ಹುಲ್ಲುಗಾವಲುಗಳ) ಬಗ್ಗೆಯೂ ಕೇಳಿದ್ದೇನೆ. ಇವುಗಳಲ್ಲಿ ಯಾವುದು? ಆರಿಸಿದ ಮೇಲೆ ಅಷ್ಟು ದೊಡ್ಡ ಕಾಡಿನ ಒಳಗೆ ಎರಡು ಮೂರು ಕಿಲೋಮೀಟರಿನ ತುಂಡನ್ನು ಗೊತ್ತು ಮಾಡಿಕೊಳ್ಳುವುದು ಹೇಗೆ? ಯಾವ ತಿಂಗಳು? ಅನುಮತಿ ಯಾರದ್ದು?

ಕೈಯಲ್ಲಿರುವುದು 10x42 ಬೈನಾಕ್ಯುಲರ್, ಫುಲ್‌ಫ್ರೇಮ್ 24 ಮೆಗಾಪಿಕ್ಸೆಲ್ ಕ್ಯಾಮೆರಾ, 150-600 ಲೆನ್ಸ್, ಟ್ರೈಪಾಡ್.

---

ಜಗಳೂರು_ಬಯಲು ಉತ್ತರ:

ಕಾಡು ಆರಿಸುವ ಮೊದಲು ಪ್ರಾಣಿ ಆರಿಸಿ ಸರ್. ಎರಡೂ ನಡೆಯುತ್ತದೆ ಅಂತ ಹೊರಟರೆ ಎರಡೂ ಸಿಗುವುದಿಲ್ಲ. ಕೃಷ್ಣಮೃಗಕ್ಕೆ ಬೇಕಿರುವುದು ಕಣ್ಣು ಹರಿದಷ್ಟು ದೂರ ಬಯಲು, ಗಿಡ್ಡ ಹುಲ್ಲು. ಅದು ಕಣ್ಣಿನಿಂದ ಬದುಕುವ ಪ್ರಾಣಿ. ಅರ್ಧ ಕಿಲೋಮೀಟರ್ ಆಚೆಯಿಂದ ನಿಮ್ಮನ್ನು ನೋಡಿ, ಅಪಾಯ ಎನಿಸಿದರೆ ಓಡಿ ಪಾರಾಗುತ್ತದೆ. ಕೊಂಡುಕುರಿಯ ದಾರಿ ಬೇರೆ. ಅದಕ್ಕೆ ಸೊಂಟದೆತ್ತರದ ಹುಲ್ಲು, ಬಂದ್ರೆ, ತುಗ್ಗಲಿ, ದಿಂಡಿಗದ ನೆರಳು, ಏರು ತಗ್ಗಿನ ನೆಲ ಬೇಕು. ಅಪಾಯ ಕಂಡರೆ ಮೊದಲು ಕಲ್ಲಿನಂತೆ ನಿಂತುಬಿಡುತ್ತದೆ, ತೀರಾ ಹತ್ತಿರ ಹೋದಾಗ ಮಾತ್ರ ಹಾರಿ ಮರೆಯಾಗುತ್ತದೆ. ಬಯಲಿನಲ್ಲಿ ಕೊಂಡುಕುರಿ ಹುಡುಕುವುದೂ ಪೊದೆಯಲ್ಲಿ ಕೃಷ್ಣಮೃಗ ಕಾಯುವುದೂ ಎರಡೂ ವ್ಯರ್ಥ.

ಹಾಗಾಗಿ ಒಂದೇ ಮಾತಿನಲ್ಲಿ ಹೇಳುವುದಾದರೆ, ಕೃಷ್ಣಮೃಗಕ್ಕೆ ರಾಣೆಬೆನ್ನೂರಿನ ಕಡೆ, ಕೊಂಡುಕುರಿಗೆ ರಂಗಯ್ಯನದುರ್ಗ. ಜೋಗಿಮಟ್ಟಿಯನ್ನು ಮೊದಲ ವರ್ಷ ಬಿಟ್ಟುಬಿಡಿ.

ರಾಣೆಬೆನ್ನೂರು ಧಾಮ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್. ಪ್ರಾಣಿಗಳ ಸಂಖ್ಯೆ ದೊಡ್ಡದು. ಆದರೆ ಒಳಗೆ ಬಹುಭಾಗ ನೀಲಗಿರಿ ನೆಡುತೋಪು. ಸಾಲು ಮರಗಳ ನಡುವೆ ಪ್ರಾಣಿ ಕಂಡರೂ ಹಿನ್ನೆಲೆ ಕೆಡುತ್ತದೆ. ಬಲಿತ ಗಂಡು ಜಾಗ ಹಿಡಿಯುವುದು ತೋಪಿನ ಒಳಗಲ್ಲ, ತೋಪಿನ ಅಂಚು ಮತ್ತು ಬಯಲು ಕೂಡುವ ಕಡೆ. ನಕ್ಷೆಯಲ್ಲಿ ಆ ಅಂಚಿನ ಗೆರೆಯನ್ನೇ ಹಿಡಿದು ಹೋಗಿ.

ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗೆಂದೇ ಘೋಷಣೆಯಾದ ಧಾಮ, 77 ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಲ್ಲಿ ಒಂದು ಎಚ್ಚರ: ಫೋನಿನ ನಕ್ಷೆಯಲ್ಲಿ ಬರೀ ರಂಗಯ್ಯನದುರ್ಗ ಅಂತ ಹಾಕಿದರೆ ಮೊಳಕಾಲ್ಮೂರು ತಾಲ್ಲೂಕಿನ ಜಲಾಶಯಕ್ಕೆ ಕರೆದುಕೊಂಡು ಹೋಗಬಹುದು. ಹೆಸರು ಒಂದೇ, ಜಾಗ ಬೇರೆ. ಜಗಳೂರಿಗೆ ಬಂದು ಅಲ್ಲಿಂದ ದಾರಿ ಕೇಳಿ.

ಇನ್ನು ಧಾಮದ ಒಳಗೆ ತುಂಡು ಆರಿಸುವುದು. ಧಾಮದ ಹೆಸರಿಗಿಂತ ಇದೇ ಮುಖ್ಯ. ಮೂರು ವಿಷಯ ಕೂಡಿಬರಬೇಕು: ನೀರು, ಮರೆ, ಮನುಷ್ಯರ ಓಡಾಟ ಇಲ್ಲದ ಹೊತ್ತು.

ನೀರಿನಿಂದ ಶುರು ಮಾಡಿ. ಕೊಂಡುಕುರಿ ನೀರು ಬಿಟ್ಟು ದೂರ ಇರುವ ಪ್ರಾಣಿ ಅಲ್ಲ. ಉಪಗ್ರಹ ಚಿತ್ರಗಳಲ್ಲಿ ಹಿಂದಿನ ವರ್ಷಗಳ ಮಾರ್ಚ್, ಏಪ್ರಿಲ್ ತಿಂಗಳ ಚಿತ್ರ ತೆಗೆದು ನೋಡಿ. ನವೆಂಬರಿನಲ್ಲಿ ಹತ್ತು ಗೋಕಟ್ಟೆ, ಚೆಕ್‌ಡ್ಯಾಂ ತುಂಬಿರುತ್ತವೆ, ಏಪ್ರಿಲ್‌ಗೆ ಅವುಗಳಲ್ಲಿ ಉಳಿಯುವುದು ಎರಡೋ ಮೂರೋ. ಆ ಎರಡು ಮೂರೇ ನಿಮ್ಮ ಜಾಗ. ನವೆಂಬರಿನ ಹಸಿರು ನೋಡಿ ಜಾಗ ಗೊತ್ತು ಮಾಡಿದವರು ಬೇಸಿಗೆಯಲ್ಲಿ ಒಣ ಗುಂಡಿಯ ಮುಂದೆ ಕೂರುತ್ತಾರೆ.

ಆಮೇಲೆ ಆ ನೀರಿನ ಸುತ್ತ ಒಂದೂವರೆ ಕಿಲೋಮೀಟರ್ ಸುತ್ತು ಗೆರೆ ಹಾಕಿ. ಅದರೊಳಗೆ ಹಳ್ಳದ ಸಾಲು ಎಲ್ಲಿ ಬರುತ್ತದೆ, ಗುಡ್ಡದ ಯಾವ ಮಗ್ಗುಲಲ್ಲಿ ಮರ ದಟ್ಟ ಇದೆ ನೋಡಿ. ಉತ್ತರ, ಪೂರ್ವದ ಮಗ್ಗುಲಿಗೆ ಮಧ್ಯಾಹ್ನದ ಮೇಲೆ ಬಿಸಿಲು ಕಡಿಮೆ, ಹುಲ್ಲು ಇನ್ನೂ ಸ್ವಲ್ಪ ಹಸಿ ಇರುತ್ತದೆ. ಹಗಲು ಮಲಗುವುದು ಅಲ್ಲಿ. ಮಲಗುವ ಜಾಗ ಮತ್ತು ನೀರು, ಇವೆರಡರ ನಡುವಿನ ದಾರಿ ನೋಡುವಂತೆ ಎತ್ತರದ ಒಂದು ಬಂಡೆ ಸಿಕ್ಕರೆ ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ.

---

ಪಹಣಿ_ಕಾಲಂ9 ಉತ್ತರ:

ನೆಲ ಯಾರದ್ದು ಅನ್ನುವ ವಿಷಯ ಯಾರೂ ಹೇಳಿಲ್ಲ, ಅದನ್ನು ನಾನು ಹೇಳುತ್ತೇನೆ. ಸರ್ಕಾರಿ ಜಾಗ ಅಂದಮಾತ್ರಕ್ಕೆ ಯಾರು ಬೇಕಾದರೂ ಹೋಗಬಹುದು ಅಂತ ಅಲ್ಲ.

ಅಭಯಾರಣ್ಯ ಆದರೆ 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಫೋಟೋಗ್ರಫಿಗೆ ಪರ್ಮಿಟ್ ಕೊಡಲು 28ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಅರ್ಜಿ ಎಲ್ಲಿಗೆ ಹೋಗಬೇಕು, ಶುಲ್ಕ ಎಷ್ಟು, ಜೊತೆಗೆ ಇಲಾಖೆಯ ವಾಚರ್ (ಕಾಡು ಕಾಯುವವರು) ಬರಬೇಕೇ ಅನ್ನುವುದು ಅಲ್ಲೇ ತಿಳಿಯುತ್ತದೆ. ಅರ್ಜಿಯಲ್ಲಿ ಬರೀ ‘ಫೋಟೋ ತೆಗೆಯಲು’ ಅಂತ ಬರೆಯಬೇಡಿ. ದಿನಾಂಕಗಳು, ಎಷ್ಟು ಜನ, ಗಾಡಿ ನಂಬರ್, ಯಾವ ಗೋಕಟ್ಟೆ ಅಥವಾ ಯಾವ ಬೀಟ್ (ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡು), ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ವ್ಯಾಪಾರಕ್ಕಲ್ಲ ಅನ್ನುವ ಮಾತು, ಇಷ್ಟನ್ನೂ ಬರೆಯಿರಿ. ಕೈಬರಹದ ಒಂದು ನಕ್ಷೆ ಲಗತ್ತಿಸಿದರೆ ಅಧಿಕಾರಿಗೆ ನಿರ್ಧಾರ ಸುಲಭ. ಬೇಸಿಗೆಯ ಬೆಂಕಿ ಕಾಲದಲ್ಲಿ ಸಿಬ್ಬಂದಿಯೆಲ್ಲ ಬೆಂಕಿರೇಖೆ ಕೆಲಸದಲ್ಲಿರುತ್ತಾರೆ, ಹಾಗಾಗಿ ಮಾರ್ಚ್ ಬೇಕಿದ್ದರೆ ಜನವರಿಯಲ್ಲೇ ಅರ್ಜಿ ಕೊಡಿ.

ಧಾಮದ ಹೊರಗಿನ ಜಾಗಕ್ಕೆ ‘ದಿಶಾಂಕ್’ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ಆ ನಂಬರನ್ನು ಭೂಮಿ ವೆಬ್‌ಸೈಟಿನಲ್ಲಿ ಹಾಕಿ ಪಹಣಿ ನೋಡಿ, 9ನೇ ಕಾಲಂನಲ್ಲಿ ಹೆಸರು ಇರುತ್ತದೆ. ‘ಸರ್ಕಾರಿ ಗೋಮಾಳ’ ಅಂತಿದ್ದರೆ ಊರಿನವರ ದನ ಕುರಿ ಮೇಯುವ ಜಾಗ. ಊರಲ್ಲಿ ಒಂದು ಮಾತು ಹೇಳಿ ಹೋಗುವುದು ಮರ್ಯಾದೆ. ‘ಅರಣ್ಯ’ ಅಂತಿದ್ದರೆ ಅದು ಧಾಮ ಅಲ್ಲದಿದ್ದರೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ, ಮತ್ತೆ ವಲಯ ಕಚೇರಿಗೇ ಹೋಗಬೇಕು. ಯಾರದೋ ಹೆಸರಿದ್ದರೆ ಅದು ರೈತರ ಹೊಲ, ಶೇಂಗಾ ಬಿತ್ತಿದ ಮೇಲೆ ಬದುವಿನಿಂದ ಒಳಗೆ ಕಾಲಿಡಬೇಡಿ. ಆ್ಯಪಿನ ಗೆರೆ ಕೆಲವು ಮೀಟರ್ ಆಚೀಚೆ ಇರುತ್ತದೆ, ಗಡಿಯ ಅಂಚಿನಲ್ಲಿ ಅದನ್ನೇ ನಂಬಿ ವಾದ ಮಾಡಲು ಹೋಗಬಾರದು. ಒಳಗೆ ನೆಟ್‌ವರ್ಕ್ ಸಿಗದಿರಬಹುದು, ಮನೆಯಲ್ಲೇ ನೋಡಿ ನಂಬರ್ ಬರೆದುಕೊಂಡು ಹೋಗಿ.

ಚಳ್ಳಕೆರೆಯ ಕಾವಲುಗಳ ಬಗ್ಗೆ ಕೇಳಿದ್ದೀರಿ. ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲು ಅದು, ಕೃಷ್ಣಮೃಗಕ್ಕೆ ಅದಕ್ಕಿಂತ ಒಳ್ಳೆಯ ನೆಲ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಈಗ ಅಲ್ಲಿ ಗೋಡೆ, ಬೇಲಿ, ವಿಮಾನ ಪರೀಕ್ಷಾ ನೆಲೆ. ಆ ಬೇಲಿಯ ಆಸುಪಾಸಿನಲ್ಲಿ ಕ್ಯಾಮೆರಾ ಎತ್ತಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಬೇಲಿ ಬಂದ ಮೇಲೆ ಪ್ರಾಣಿಗಳ ಹಳೆಯ ದಾರಿಗಳು ತುಂಡಾಗಿವೆ, ಹಳೆಯ ನಕ್ಷೆ ನೋಡಿ ಇಲ್ಲಿ ಲೆಕ್ಕ ಹಾಕಿದರೆ ತಪ್ಪುತ್ತದೆ.

ಇನ್ನೊಂದು. ಹುಲ್ಲಲ್ಲಿ ಬಿದ್ದ ಕೊಂಬು ಕಂಡರೆ ಮುಟ್ಟಬೇಡಿ. ಚುಕ್ಕೆ ಜಿಂಕೆ ವರ್ಷ ವರ್ಷ ಕೊಂಬು ಉದುರಿಸುತ್ತದೆ. ಕೃಷ್ಣಮೃಗ, ಕೊಂಡುಕುರಿ ಉದುರಿಸುವುದಿಲ್ಲ. ಕೊಂಬು ಬಿದ್ದಿದೆ ಅಂದರೆ ಅಲ್ಲೊಂದು ಪ್ರಾಣಿ ಸತ್ತಿದೆ. ಎರಡೂ ವನ್ಯಜೀವಿ ಕಾಯ್ದೆಯ 1ನೇ ಪರಿಚ್ಛೇದದ ಪ್ರಾಣಿಗಳು, ಕೊಂಬು ಸರ್ಕಾರದ ಆಸ್ತಿ. ಮನೆಗೆ ತಂದರೆ ಬೇಟೆಯ ಕೇಸಿನಂತೆಯೇ ಕೇಸು: ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಇದ್ದಲ್ಲೇ ಬಿಟ್ಟು ವಾಚರ್‌ಗೆ ತಿಳಿಸಿ.

---

ಚಂದ್ರವಳ್ಳಿ_ಕಲ್ಲು ಉತ್ತರ:

ಜೋಗಿಮಟ್ಟಿಯನ್ನು ಜಗಳೂರಿನವರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ಸರಿ ಅನಿಸಲಿಲ್ಲ, ಆದರೆ ಅವರ ತೀರ್ಮಾನ ಸರಿಯೇ ಇದೆ. ಕಾರಣ ಹೇಳುತ್ತೇನೆ.

ಊರಿಗೆ ಅಂಟಿಕೊಂಡ ಕಾಡು ಅದು. ಆಡುಮಲ್ಲೇಶ್ವರದ ಕಡೆಯಿಂದ ಮೇಲಿನ ಗಿರಿಧಾಮದವರೆಗೆ ರಸ್ತೆ ಇದೆ, ಮಳೆಗಾಲದಲ್ಲಿ ಮಂಜು ನೋಡಲು ಜನ ಬರುತ್ತಾರೆ. ರಸ್ತೆಯ ಎರಡೂ ಬದಿಯ ಪ್ರಾಣಿಗಳು ಹಗಲು ಒಳಗೆ ಸರಿದಿರುತ್ತವೆ. ಕೊಂಡುಕುರಿ ಇದೆ, ಇಲ್ಲ ಅನ್ನುವಂತಿಲ್ಲ. ಆದರೆ ಇಳಿಜಾರು ಕಡಿದು, ಹುಲ್ಲು ಎತ್ತರ, ನೋಟ ಮೂವತ್ತು ನಲವತ್ತು ಮೀಟರಿಗೆ ನಿಂತುಹೋಗುತ್ತದೆ. ದೂರದಿಂದ ಬೈನಾಕ್ಯುಲರ್ ಹಾಕಿ ಹುಡುಕುವ ಕಾಡು ಅದಲ್ಲ.

ಅದಕ್ಕಿಂತ ದೊಡ್ಡ ವಿಷಯ ಕರಡಿ. ಜೋಗಿಮಟ್ಟಿಯಲ್ಲೂ ರಂಗಯ್ಯನದುರ್ಗದಲ್ಲೂ ಕರಡಿ, ಚಿರತೆ ಎರಡೂ ಇವೆ. ಕರಡಿ ಗುಂಡುಕಲ್ಲಿನ ಸಂದಿಯಲ್ಲಿ ಹಗಲು ಮಲಗಿ ಕತ್ತಲಾದ ಮೇಲೆ ಓಡಾಡಿ ಬೆಳಕು ಹರಿಯುವ ಹೊತ್ತಿಗೆ ವಾಪಸಾಗುತ್ತದೆ. ನೀವು ನಸುಕಿನಲ್ಲಿ ಸದ್ದು ಮಾಡದೆ ಬಂಡೆ ಹತ್ತುವುದೂ ಅದು ಗವಿಗೆ ಮರಳುವುದೂ ಒಂದೇ ಹೊತ್ತು. ಫೋಟೋಗೆಂದು ಕಾಲಿನ ಸದ್ದು ಅಡಗಿಸಿ ನಡೆಯುವವರಿಗೇ ಅಪಾಯ ಹೆಚ್ಚು, ಏಕೆಂದರೆ ಕರಡಿಗೆ ಮುನ್ಸೂಚನೆ ಸಿಗುವುದಿಲ್ಲ. ಹಾಗಾಗಿ ಕೂರುವ ಬಂಡೆಯನ್ನು ಮೊದಲೇ ಒಂದು ಮಧ್ಯಾಹ್ನ ವಾಚರ್ ಜೊತೆ ಹೋಗಿ ನೋಡಿ. ಸಂದಿಯ ಬಾಯಲ್ಲಿ ಕೂದಲು, ಉಗುರಿನ ಗೀರು, ಹಣ್ಣಿನ ಬೀಜ ತುಂಬಿದ ಹೇಲು ಕಂಡರೆ ಆ ಬಂಡೆ ಬೇಡ. ಬೆಳಕು ಪೂರ್ತಿ ಹರಿದ ಮೇಲೆಯೇ ಹತ್ತಿ, ಹತ್ತುವಾಗ ಮಾತಾಡಿಕೊಂಡು ಹೋಗಿ. ಕೂತ ಮೇಲೆ ಮೌನ. ಬಾರೆ ಹಣ್ಣು, ಸೀತಾಫಲ ಬಿಡುವ ದಿನಗಳಲ್ಲಿ ಆ ಪೊದೆಗಳ ಹತ್ತಿರ ಒಬ್ಬರೇ ಹೋಗಲೇಬೇಡಿ.

---

ಕುಂದವಾಡ_ಹಕ್ಕಿ:

ತುಂಬಾ ಉಪಕಾರ ಆಯಿತು. ಮಳೆಗಾಲ, ಚಳಿಗಾಲದಲ್ಲಿ ಕೃಷ್ಣಮೃಗ, ಬೇಸಿಗೆಯಲ್ಲಿ ಕೊಂಡುಕುರಿ ಅಂತ ಹಂಚಿಕೊಂಡರೆ ಹೇಗೆ? ಎರಡು ಅನುಮಾನ ಉಳಿದಿದೆ. ದೂರದಿಂದ ನೋಡಿ ಗಂಡು ಬಲಿತಿದೆ ಅಂತ ಗೊತ್ತಾಗುವುದು ಹೇಗೆ? ಮತ್ತೆ, ಕೊಂಡುಕುರಿ ಅಲ್ಲಿ ನಿಜವಾಗಿ ಇದೆ ಅಂತ ಪ್ರಾಣಿ ಕಾಣುವ ಮೊದಲೇ ಹೇಗೆ ತಿಳಿಯುವುದು? ಅಲ್ಲೆಲ್ಲ ಕುರಿ, ಮೇಕೆಯ ಹಿಕ್ಕೆಯೂ ಇರುತ್ತದಲ್ಲ.

---

ಜಗಳೂರು_ಬಯಲು ಉತ್ತರ:

ಹಂಚಿಕೆ ಸರಿಯಾಗಿದೆ. ಎರಡನೆಯ ಪ್ರಶ್ನೆಯೇ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ.

ಕುರಿ ಮೇಕೆ ನಡೆಯುತ್ತಲೇ ಹಿಕ್ಕೆ ಹಾಕುತ್ತವೆ, ದಾರಿಯುದ್ದ ಚೆಲ್ಲಿರುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದೆ. ಬಂದ್ರೆ ಗಿಡದ ಬುಡದಲ್ಲೋ ಕಾಲುದಾರಿ ಕವಲೊಡೆಯುವ ಕಡೆಯೋ ಒಂದು ಮೊರದಗಲದ ರಾಶಿ ಕಾಣುತ್ತದೆ. ಬಗ್ಗಿ ನೋಡಿ. ಅಂಚಿನ ಕಾಳುಗಳು ಬೂದಿ ಬಣ್ಣಕ್ಕೆ ತಿರುಗಿ ಗೆದ್ದಲು ಮಣ್ಣು ಮೆತ್ತಿರುತ್ತದೆ, ಬೆರಳಲ್ಲಿ ಒತ್ತಿದರೆ ಒಣ ಹುಲ್ಲಿನ ಪುಡಿ. ಅದರ ಒಳಗಿನ ಸುತ್ತು ಕಂದು. ನಡುವೆ ಒಂದು ಹಿಡಿಯಷ್ಟು ಕಡುಗಪ್ಪು, ಮೇಲೆ ಮಿಂಚು, ಒಂದು ತುದಿ ಚೂಪು. ಹೀಗೆ ಮೂರು ವಯಸ್ಸಿನ ಹಿಕ್ಕೆ ಒಂದೇ ರಾಶಿಯಲ್ಲಿದ್ದರೆ ಪ್ರಾಣಿ ವಾರಗಟ್ಟಲೆಯಿಂದ ಬರುತ್ತಿದೆ, ಇವತ್ತೋ ನಿನ್ನೆಯೋ ಕೂಡ ಬಂದಿತ್ತು ಎಂದೇ ಲೆಕ್ಕ. ಬರೀ ಬೂದಿ ಬಣ್ಣದ್ದಿದ್ದರೆ ಆ ಜಾಗ ಬಿಟ್ಟು ಹೋಗಿದೆ. ರಾಶಿಯನ್ನು ಕೆದಕಬೇಡಿ, ಅದರ ಮೇಲೆ ನಿಲ್ಲಬೇಡಿ, ಫೋನಿನಲ್ಲಿ ಗುರುತು ಹಾಕಿಕೊಂಡು ಮುಂದೆ ನಡೆಯಿರಿ. ಅರ್ಧ ಕಿಲೋಮೀಟರ್ ಒಳಗೆ ಇಂಥ ಮೂರು ನಾಲ್ಕು ರಾಶಿ ಸಿಕ್ಕಿದರೆ ಅವುಗಳ ನಡುವಿನ ಹುಲ್ಲೇ ನಿಮ್ಮ ಪ್ರಾಣಿಯ ಮನೆ.

ನೀರಿನ ಅಂಚಿನ ಹಸಿ ಕೆಸರಿನಲ್ಲಿ ಗೊರಸಿನ ಗುರುತನ್ನೂ ನೋಡಿ. ಕುರಿಯ ಗೊರಸಿನ ತುದಿ ಮೊಂಡು, ಮತ್ತು ಹತ್ತಾರು ಒಟ್ಟಿಗೆ ಇರುತ್ತವೆ. ಕೊಂಡುಕುರಿಯದ್ದು ಚಿಕ್ಕದು, ತುದಿ ಚೂಪು, ಒಂಟಿ ಸಾಲು. ಹಿಂಡಿನಲ್ಲಿ ಓಡಾಡುವ ಪ್ರಾಣಿ ಅಲ್ಲ ಅದು. ಒಂದೋ ಎರಡೋ, ಹೆಚ್ಚೆಂದರೆ ಮರಿ ಸೇರಿ ಮೂರು.

ಕುರಿಗಾಹಿಗಳನ್ನು ಕೇಳುವಾಗ ಹೆಸರಿನ ಬಗ್ಗೆ ಎಚ್ಚರ. ನಮ್ಮ ಕಡೆ ಹೊಲದ ರೈತರು ‘ಜಿಂಕೆ’ ಅಂದರೆ ಬಹುತೇಕ ಕೃಷ್ಣಮೃಗ. ‘ಕಾಡುಕುರಿ’ ಅನ್ನುವುದು ಬೊಗಳುವ ಜಿಂಕೆಗೆ, ಅದು ಮಲೆನಾಡಿನ ಪ್ರಾಣಿ. ಆದರೆ ಇಲ್ಲಿ ಕೆಲವರು ಕೊಂಡುಕುರಿಯನ್ನೂ ಅದೇ ಹೆಸರಿಂದ ಕರೆಯುತ್ತಾರೆ. ಹೆಸರು ಕೇಳದೆ ಚಹರೆ ಕೇಳಿ: ‘ಅಣ್ಣ, ಮೇಕೆಯಷ್ಟು ಎತ್ತರ, ಮುಂಗಾಲಿನ ಮುಂದೆ ಕಪ್ಪು ಗೆರೆ, ಒಂಟಿಯಾಗಿ ಓಡಾಡ್ತದೆ, ಅಂಥದ್ದು ನೋಡಿದ್ದೀರಾ? ಯಾವ ಹೊತ್ತಿಗೆ? ನಿಮ್ಮ ಮಂದೆ ಯಾವ ಕಡೆ ಇದ್ದಾಗ?’ ಕೊನೆಯ ಪ್ರಶ್ನೆಯ ಉತ್ತರಕ್ಕೆ ಬೆಲೆ ಹೆಚ್ಚು. ಮಂದೆ ಮತ್ತು ನಾಯಿ ಬೆಳಗ್ಗೆ ಎಂಟಕ್ಕೆ ಪೂರ್ವದ ದಿಬ್ಬ ಹತ್ತಿದರೆ, ಕೊಂಡುಕುರಿ ಎಂಟರ ಒಳಗೇ ಪಶ್ಚಿಮದ ಹಳ್ಳಕ್ಕೆ ಇಳಿದಿರುತ್ತದೆ. ಮಂದೆಯ ದಾರಿ ನಿಮಗೆ ಗೊತ್ತಾದರೆ ಪ್ರಾಣಿಯ ದಾರಿಯೂ ತಿಳಿಯುತ್ತದೆ. ದುಡ್ಡು ಕೊಟ್ಟು ‘ಆ ಕಡೆಯಿಂದ ಓಡಿಸಿ’ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಗಬ್ಬದ ಹೆಣ್ಣು ಓಡಿ ಸುಸ್ತಾಗಿ ನಾಯಿ ಬಾಯಿಗೆ ಬೀಳುತ್ತದೆ.

ಈಗ ಗಂಡಿನ ವಯಸ್ಸು. ಕೃಷ್ಣಮೃಗಕ್ಕೆ ಬಣ್ಣ ನಂಬಬೇಡಿ. ನಮ್ಮ ದಕ್ಷಿಣದ ಗಂಡುಗಳು ಉತ್ತರದವುಗಳಂತೆ ಇದ್ದಿಲು ಕಪ್ಪಾಗುವುದು ಕಡಿಮೆ, ಗಾಢ ಕಂದೇ ಹೆಚ್ಚು. ಕೊಂಬು ನೋಡಿ. ಮೊದಲ ವರ್ಷ ನೇರ ಮೊಳೆ, ಆಮೇಲೆ ಸಡಿಲವಾದ ಒಂದು ತಿರುವು. ಬಲಿತ ಗಂಡಿಗೆ ಮೂರು ನಾಲ್ಕು ತಿರುವು, ಬುಡದಿಂದಲೇ ಬಳೆ ಬಳೆ ಎದ್ದು ಕಾಣುತ್ತದೆ, ಉದ್ದ ಮುಖದ ಎರಡರಷ್ಟಾದರೂ ಇರುತ್ತದೆ. ಕುತ್ತಿಗೆಯೂ ದಪ್ಪ. ತನ್ನ ಜಾಗದಲ್ಲಿ ಅದು ಹಿಕ್ಕೆಯ ದೊಡ್ಡ ರಾಶಿ ಮಾಡಿರುತ್ತದೆ, ಇದು ಪೊದೆಯಲ್ಲಲ್ಲ, ನಟ್ಟನಡು ಬಯಲಲ್ಲಿ. ಹಿಂಡು ಹೋದರೂ ಆ ಗಂಡು ಅಲ್ಲೇ ನಿಲ್ಲುತ್ತದೆ, ಮುಂದಿನ ಭಾನುವಾರ ಹೋದರೂ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಮಾರ್ಚ್‌ನಿಂದ ಮೇ, ಆಗಸ್ಟ್‌ನಿಂದ ಅಕ್ಟೋಬರ್ ಅದರ ಬೆದೆಯ ಜೋರು ಕಾಲ.

ಕೊಂಡುಕುರಿಯಲ್ಲಿ ಗಂಡಿಗೆ ಮಾತ್ರ ಕೊಂಬು. ಹಿಂದಿನ ಜೋಡಿ 8ರಿಂದ 12 ಸೆಂಟಿಮೀಟರ್, ಮುಂದಿನದು 2ರಿಂದ 5. ನಮ್ಮ ಕಡೆಯ ಗಂಡುಗಳಲ್ಲಿ ಮುಂದಿನ ಜೋಡಿ ಬರೀ ಗುಬಟಿನಂತೆ ಇರುವುದೂ ಉಂಟು, ಇಲ್ಲದೇ ಇರುವುದೂ ಉಂಟು. ನಾಲ್ಕೂ ಕೊಂಬು ಎದ್ದು ಕಾಣುವ ಗಂಡು ಬೇಕೆಂದರೆ ಒಂದೇ ನೀರಿಗೆ ಎಷ್ಟು ಗಂಡು ಬರುತ್ತವೆ ಅಂತ ಮೊದಲು ಎಣಿಸಬೇಕು.

---

ಬೆಳಕು_ಗಾಳಿ ಉತ್ತರ:

ಫೋಟೋ ದೃಷ್ಟಿಯಿಂದ ಒಂದು ಲೆಕ್ಕ ಹೇಳುತ್ತೇನೆ. 600ರಲ್ಲಿ ಫುಲ್‌ಫ್ರೇಮ್‌ಗೆ 60 ಮೀಟರ್ ದೂರದಲ್ಲಿ ಸಿಗುವ ಅಗಲ 3.6 ಮೀಟರ್. ನಿಮ್ಮ ಕ್ಯಾಮೆರಾದ ಅಡ್ಡ 6000 ಪಿಕ್ಸೆಲ್. ಅಂದರೆ 2.5 ಸೆಂಟಿಮೀಟರಿನ ಮುಂಗೊಂಬಿಗೆ ಬರುವುದು ಸುಮಾರು 40 ಪಿಕ್ಸೆಲ್. 100 ಮೀಟರಿಗೆ ಹೋದರೆ 25, ಹುಲ್ಲಿನ ಹಿನ್ನೆಲೆಯಲ್ಲಿ ಅದು ಕೊಂಬೋ ಕಡ್ಡಿಯೋ ತಿಳಿಯದು. ಹಾಗಾಗಿ ಕೊಂಡುಕುರಿಗೆ ಕೂರುವ ಜಾಗ ನೀರಿನಿಂದ 50-60 ಮೀಟರ್. ಅದಕ್ಕಿಂತ ಹತ್ತಿರ ಬೇಡ. ಬೇಸಿಗೆಯಲ್ಲಿ ಅದು ಒಂದೇ ನೀರು, ನೀವು ಬಾಯಿಗೆ ಅಡ್ಡ ಕೂತರೆ ಪ್ರಾಣಿ ಬಾಯಾರಿ ವಾಪಸ್ ಹೋಗುತ್ತದೆ. ಕೃಷ್ಣಮೃಗಕ್ಕೆ 100 ಮೀಟರ್ ಸಾಕು, ದೊಡ್ಡ ದೇಹ, ದೊಡ್ಡ ಕೊಂಬು.

ಮಾರ್ಚ್ ಏಪ್ರಿಲ್‌ನಲ್ಲಿ ಒಂಬತ್ತೂವರೆಯ ಮೇಲೆ ನೆಲದ ಬಿಸಿಗಾಳಿ ಕುದಿಯುತ್ತದೆ, ಯಾವ ಲೆನ್ಸ್ ಆದರೂ ಚಿತ್ರ ಮೆತ್ತಗಾಗುತ್ತದೆ. ಫೋಕಸ್ ತಪ್ಪಿದೆ ಅಂತ ಲೆನ್ಸ್ ಸರ್ವಿಸ್‌ಗೆ ಕೊಡುವವರಿದ್ದಾರೆ, ತಪ್ಪು ಲೆನ್ಸಿನದಲ್ಲ.

ಈಗ ಗಾಳಿ ಮತ್ತು ಬೆಳಕು. ಎರಡನ್ನೂ ಕೂಡಿಸಿ ನೋಡಿದರೆ ಯಾವ ಕಾಲದಲ್ಲಿ ಯಾವ ಹೊತ್ತು ಅನ್ನುವುದು ತಾನಾಗಿ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಗಾಳಿ ನೈಋತ್ಯದಿಂದ, ಎಡೆಬಿಡದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲುಗಟ್ಟಿರುವುದು ಇದೇ ಗಾಳಿಗೆ. ನಿಮ್ಮ ವಾಸನೆ ಪ್ರಾಣಿಗೆ ಹೋಗಬಾರದು ಅಂದರೆ ನೀವು ಅದರ ಈಶಾನ್ಯಕ್ಕೆ ಕೂರಬೇಕು. ಆಗ ಬೆಳಗಿನ ಸೂರ್ಯ ನಿಮ್ಮ ಬೆನ್ನಿಗೆ, ಬೆಳಕು ನೇರ ಪ್ರಾಣಿಯ ಮುಖಕ್ಕೆ. ಹಾಗಾಗಿ ಮಳೆಗಾಲಕ್ಕೆ ಬೆಳಗು. ನವೆಂಬರ್‌ನಿಂದ ಫೆಬ್ರವರಿ ಗಾಳಿ ಮೂಡಣದಿಂದ. ನೀವು ಪಡುವಣಕ್ಕೆ ಕೂರಬೇಕು, ಬೆಳಿಗ್ಗೆ ಕೂತರೆ ಸೂರ್ಯ ಕಣ್ಣಿಗೆ. ಆದ್ದರಿಂದ ಚಳಿಗಾಲಕ್ಕೆ ಸಂಜೆ, ನಾಲ್ಕರಿಂದ ಬೆಳಕು ಇರುವವರೆಗೆ. ಬೇಸಿಗೆಯಲ್ಲಿ ಗಾಳಿಗೆ ನೇಮವಿಲ್ಲ. ಗುಡ್ಡದ ಮಗ್ಗುಲಲ್ಲಿ ಬಿಸಿಲು ಏರುವ ತನಕ ತಂಪು ಗಾಳಿ ಕೆಳಗೆ ಇಳಿಯುತ್ತದೆ, ಕಲ್ಲು ಕಾದ ಮೇಲೆ ತಿರುಗಿ ಮೇಲೆ ಏರುತ್ತದೆ. ಬೆಳಿಗ್ಗೆ ಕೆಳಗಿನ ನೀರನ್ನು ಮೇಲಿನ ಬಂಡೆಯಿಂದ ನೋಡುತ್ತಿದ್ದರೆ ನಿಮ್ಮ ವಾಸನೆ ನೇರ ನೀರಿಗೆ ಇಳಿಯುತ್ತಿರುತ್ತದೆ. ಬಂಡೆ ನೀರಿನ ಮೇಲ್ಗಡೆ ಬೇಡ, ಅಡ್ಡಕ್ಕೆ ಇರಲಿ.

ಗಾಳಿ ನೋಡಲು ಜೇಬಿನಲ್ಲಿ ಒಂದು ವಿಭೂತಿ ಗಟ್ಟಿ ಇಟ್ಟುಕೊಳ್ಳಿ. ಚಿಟಿಕೆ ಪುಡಿ ಮಾಡಿ ಬಿಟ್ಟರೆ ಹೋಗುವ ದಿಕ್ಕು ಸ್ಪಷ್ಟ. ಊದುಕಡ್ಡಿ, ಬೀಡಿ ಹೊಗೆ ಎಲ್ಲ ಒಣ ಹುಲ್ಲಿನ ಕಾಡಿನಲ್ಲಿ ಬೇಡ.

---

ಜಗಳೂರು_ಬಯಲು ಉತ್ತರ:

ಮೇಲಿನ ಲೆಕ್ಕ ಕೊಂಡುಕುರಿಗೆ ಪೂರ್ತಿ ಒಪ್ಪುತ್ತೇನೆ. ಕೃಷ್ಣಮೃಗಕ್ಕೆ ಗಾಳಿಗಿಂತ ನಿಮ್ಮ ಆಕಾರವೇ ಮುಖ್ಯ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಒಮ್ಮೆ ತಲೆ ಎತ್ತಿದರೆ ಮುಗಿಯಿತು, ಗಾಳಿ ಎತ್ತ ಬೀಸಿದರೂ ಅಷ್ಟೇ. ಹಾಗಾಗಿ ಬೆಳಕನ್ನು ನೋಡಿ ಕೂರಿ, ಗಾಳಿಗೆ ಎರಡನೇ ಸ್ಥಾನ. ಕಾರು ಇದ್ದರೆ ಇಳಿಯಬೇಡಿ. ರಸ್ತೆಯ ಕಾರನ್ನು ಅವು ದಿನಾ ನೋಡಿವೆ, ಎರಡು ಕಾಲಿನ ಮನುಷ್ಯ ಇಳಿದ ಕೂಡಲೇ ಹಿಂಡು ಏಳುತ್ತದೆ. ಇಂಜಿನ್ ಆಫ್ ಮಾಡಿ, ಬಾಗಿಲ ಮೇಲೆ ಹುರುಳಿಯೋ ಅಕ್ಕಿಯೋ ಎರಡು ಕಿಲೋ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಲೆನ್ಸ್. ಓಟ ಹಿಡಿಯಲು ಸೆಕೆಂಡಿನ 1/2000, ನಿಂತ ಗಂಡಿಗೆ 1/800 ಸಾಕು.

ಒಂದು ಕ್ಷಣ ತಪ್ಪಿಸಿಕೊಳ್ಳಬೇಡಿ. ಗಂಡು ಮೂತಿ ಎತ್ತಿ ಬಾಲ ಮಡಚಿ ನಡೆಯುವಾಗ ನೋಡಲು ಚೆಂದ, ಆದರೆ ಕೊಂಬು ಬೆನ್ನಿಗೆ ಒರಗಿ ತಿರುವುಗಳು ಮೈಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಎಲ್ಲರೂ ಅದೇ ಹೊತ್ತಿಗೆ ಬಟನ್ ಒತ್ತಿ ಸುಮ್ಮನಾಗುತ್ತಾರೆ. ಕಾಯಿರಿ. ನಡಿಗೆ ಮುಗಿಸಿ ಮೂತಿ ಇಳಿಸಿ ಅರ್ಧ ನಿಮ್ಮ ಕಡೆ ತಿರುಗುತ್ತದೆ, ಆಗ ಎರಡೂ ಕೊಂಬು ಬಿಡಿಬಿಡಿಯಾಗಿ ಬಯಲಿಗೆ ಎದುರಾಗಿ ನಿಲ್ಲುತ್ತವೆ.

---

ಕುಂದವಾಡ_ಹಕ್ಕಿ:

ಹಾಗಾದರೆ ಆಗಸ್ಟ್, ಸೆಪ್ಟೆಂಬರ್ ಬೆಳಗುಗಳು ರಾಣೆಬೆನ್ನೂರಿನ ಅಂಚು. ಜನವರಿಯಲ್ಲಿ ಜಗಳೂರಿನಲ್ಲಿ ಅರ್ಜಿ, ಒಂದೆರಡು ಹಗಲು ವಾಚರ್ ಜೊತೆ ರಾಶಿ ಮತ್ತು ನೀರು ಗುರುತು. ಮಾರ್ಚ್‌ನಲ್ಲಿ ಒಂದೇ ಗೋಕಟ್ಟೆ. ಸಿಕ್ಕ ಫೋಟೋವನ್ನು ಇಲ್ಲಿ ಹಾಕಬಹುದಾ?

---

ಪಹಣಿ_ಕಾಲಂ9 ಉತ್ತರ:

ಹಾಕಿ, ಆದರೆ ಮೂರು ಕೆಲಸ ಮಾಡಿದ ಮೇಲೆ. ಫೋಟೋದಲ್ಲಿ ಅಡಗಿರುವ ಜಿಪಿಎಸ್ ಮಾಹಿತಿ ತೆಗೆಯಿರಿ. ಕ್ಯಾಮೆರಾ ಫೋನಿಗೆ ಜೋಡಿಸಿದ್ದರೆ ನಿಮಗೆ ಗೊತ್ತಿಲ್ಲದೆಯೂ ಸೇರಿರುತ್ತದೆ. ಹಿನ್ನೆಲೆಯಲ್ಲಿ ಗುರುತು ಸಿಗುವ ಗುಡ್ಡ, ಗಾಳಿಯಂತ್ರದ ನಂಬರ್, ದೇವಸ್ಥಾನದ ಕಳಸ ಇದ್ದರೆ ಕತ್ತರಿಸಿ. ಬರಹದಲ್ಲಿ ತಾಲ್ಲೂಕಿನ ಹೆಸರು ಸಾಕು, ಗೋಕಟ್ಟೆಯ ಹೆಸರು ಬೇಡ. ಬೇಸಿಗೆಯಲ್ಲಿ ಒಂದೇ ನೀರಿಗೆ ಬರುವ ಪ್ರಾಣಿಗೆ ಉರುಳು ಹಾಕುವುದು ಬಹಳ ಸುಲಭ, ಆ ಜಾಗವನ್ನು ನಾವೇ ತೋರಿಸಿಕೊಟ್ಟಂತೆ ಆಗಬಾರದು.

ನೀರಿಗೆ ಇಳಿಯುವ ಕಾಲುದಾರಿಯಲ್ಲಿ, ಪೊದೆಗಳ ನಡುವಿನ ಕಿಂಡಿಯಲ್ಲಿ ಮೊಣಕಾಲೆತ್ತರಕ್ಕೆ ಬೈಕಿನ ಕ್ಲಚ್ ವೈರ್ ಅಥವಾ ಬೈಂಡಿಂಗ್ ವೈರಿನ ಕುಣಿಕೆ ಕಂಡರೆ ಅದೇ ಉರುಳು. ಬಿಚ್ಚಲು ಹೋಗದೆ ಮೊದಲು ಫೋಟೋ ತೆಗೆದು, ಜಾಗ ಗುರುತು ಹಾಕಿ, ವಾಚರ್‌ಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಹೇಳಿ. ಒಂದು ಕಂಡರೆ ಅದೇ ಸಾಲಿನಲ್ಲಿ ಇನ್ನೂ ಐದಾರು ಇರುತ್ತವೆ, ಅವರು ಬಂದು ಸಾಲು ಪೂರ್ತಿ ಹುಡುಕಲಿ.